ಗಾರೆಯಿಲ್ಲದ ಗೋಡೆಗಳ ನಡುವೆ

ದಕ್ಷಿಣ ಫ್ರಾನ್ಸಿನ ಪ್ರೊವಾನ್ಸ್ ಸೀಮೆಯಲ್ಲಿ ಗೋರ್ದ್ ಎಂಬ ಬೆಟ್ಟದ ಮೇಲಿನ ಹಳೆಯ ಊರಿದೆ. ಜುಲೈ ಮೊದಲ ವಾರ ಅಲ್ಲಿ ಐದು ದಿನ ತಂಗಿ, ಸುತ್ತಲಿನ ಕಾಲುದಾರಿಗಳಲ್ಲಿ ನಡೆದು ಬಂದೆ. ಕೋಟೆ, ಮಠ, ಲ್ಯಾವೆಂಡರ್ ಹೊಲ ಎಲ್ಲವನ್ನೂ ನೋಡಿದ್ದಾಯಿತು. ಆದರೆ ಮನೆಗೆ ಮರಳಿ ಎರಡು ತಿಂಗಳು ಕಳೆದರೂ ಕಣ್ಣಿಗೆ ಕಟ್ಟಿದಂತಿರುವುದು ದಾರಿಯ ಬದಿಯಲ್ಲಿ ಕುಸಿದಿದ್ದ ಒಂದು ಕಲ್ಲುಗೋಡೆ ಮತ್ತು ಅದನ್ನು ಮತ್ತೆ ಎಬ್ಬಿಸುತ್ತಿದ್ದ ಒಬ್ಬ ಹಿರಿಯರು.

ಲಿಯಾನ್‌ನಲ್ಲಿ ಕೆಲಸದಲ್ಲಿರುವ ಮಗಳೊಂದಿಗೆ ಅವಿನ್ಯೋನ್‌ವರೆಗೆ ರೈಲಿನಲ್ಲಿ ಬಂದು, ಕವಯೋನ್ ಮಾರ್ಗವಾಗಿ ಗೋರ್ದ್ ತಲುಪಿದಾಗ ಸಂಜೆಯಾಗಿತ್ತು. ಊರು ವೋಕ್ಲೂಸ್ ಬೆಟ್ಟಗಳ ದಕ್ಷಿಣದ ಅಂಚಿನ ಬಂಡೆಯೊಂದನ್ನು ಸುತ್ತುಗಟ್ಟಿ ಮನೆಯ ಮೇಲೆ ಮನೆ ಏರುತ್ತ ಹೋಗಿ, ನೆತ್ತಿಯಲ್ಲಿ 1525ರಲ್ಲಿ ಮರುಕಟ್ಟಿದ ಕೋಟೆಯನ್ನು ಮುಟ್ಟುತ್ತದೆ. ಎದುರಿಗೆ, ಕಣಿವೆಯಾಚೆ, ಲ್ಯುಬೆರೋನ್ ಬೆಟ್ಟಸಾಲು ಉದ್ದಕ್ಕೂ ಮಲಗಿದೆ. 1944ರ ಆಗಸ್ಟ್‌ನಲ್ಲಿ ಜರ್ಮನ್ ಆಕ್ರಮಣದ ವಿರುದ್ಧ ಹೋರಾಡುತ್ತಿದ್ದ ಫ್ರೆಂಚ್ ಪ್ರತಿರೋಧ ಪಡೆಯವರು ಜರ್ಮನ್ ಗಸ್ತಿನ ಮೇಲೆ ದಾಳಿ ಮಾಡಿದ್ದಕ್ಕೆ ಸೇಡಾಗಿ ಸೈನಿಕರು ಇಲ್ಲಿಯ ಹಲವು ಮನೆಗಳನ್ನು ಉಡಾಯಿಸಿದ್ದರು. ಹಾಗಾಗಿ ನೂರಾರು ವರ್ಷ ಹಳೆಯವೆಂದು ತೋರುವ ಗೋಡೆಗಳಲ್ಲಿ ಕೆಲವು ಆ ಬಳಿಕ ಎದ್ದವು. ಬೆಳಗಿನ ಏಳು ಗಂಟೆಯವರೆಗೆ ಊರಿನ ಓಣಿಗಳು ಬಹಳ ಸೊಗಸು. ಹತ್ತು ಗಂಟೆಯ ಹೊತ್ತಿಗೆ ಅಂಗಡಿಗಳು ತೆರೆದು, ಪ್ರವಾಸಿಗರ ವಾಹನಗಳು ಬಂದು ನಿಂತ ಮೇಲೆ ನನಗೆ ಅಲ್ಲಿರಲು ಮನಸ್ಸಾಗಲಿಲ್ಲ. ಊರಿನ ನಿಜವಾದ ಚೆಲುವು ಊರಿನ ಹೊರಗಿನ ದಾರಿಗಳಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ಮೊದಲ ದಿನವೇ ನಮಗಾದ ತೊಂದರೆಯನ್ನು ಹೇಳಿಬಿಡುತ್ತೇನೆ, ಅದು ಇನ್ನೂ ಮನಸ್ಸಿನಲ್ಲಿ ಚುಚ್ಚುತ್ತಿದೆ. ಬುತ್ತಿ ಕಟ್ಟಿಕೊಂಡು, ನೀರು ತುಂಬಿಕೊಂಡು ಒಂದು ಗಂಟೆ ನಡೆದು ಕಾಡಿನ ಅಂಚಿಗೆ ಹೋದರೆ ಅಲ್ಲಿ ಪ್ರವೇಶ ನಿಷೇಧಿಸಿದ ಫಲಕವಿತ್ತು. ಹಿಂದಿನ ರಾತ್ರಿಯಿಂದ ಮಿಸ್ತ್ರಾಲ್ ಗಾಳಿ ಬೀಸುತ್ತಿತ್ತು. ವಾಯವ್ಯದಿಂದ ಬರುವ ಆ ಒಣಗಾಳಿಗೆ ಒಂದು ಕಿಡಿ ಸಿಕ್ಕರೆ ಸಾಕು, ಬೆಂಕಿ ಬೆಟ್ಟದಿಂದ ಬೆಟ್ಟಕ್ಕೆ ಹಾರುತ್ತದೆ. ಅದಕ್ಕಾಗಿ ಬೇಸಿಗೆಯಲ್ಲಿ ಯಾವ ಕಾಡಿಗೆ ಯಾವ ದಿನ ಹೋಗಬಹುದು ಎಂಬುದನ್ನು ಜಿಲ್ಲಾಡಳಿತ ಹಿಂದಿನ ಸಂಜೆಯೇ ಪ್ರಕಟಿಸುತ್ತದೆ. ನಿಷೇಧ ನ್ಯಾಯವಾದದ್ದೇ. ಆದರೆ ನಾವು ಬುತ್ತಿ ಕಟ್ಟುವುದನ್ನು ನೋಡುತ್ತ, ಎಲ್ಲಿಗೆ ಹೊರಟಿದ್ದೀರಿ ಎಂದು ಕೇಳಿ ತಿಳಿದುಕೊಂಡ ವಸತಿಗೃಹದವರು ಈ ಮಾತನ್ನು ಹೇಳಬಹುದಿತ್ತು. ಬೇಸಿಗೆಯಲ್ಲಿ ಹೋಗುವವರು ದಿನವೂ ಸಂಜೆ ತಾವೇ ವಿಚಾರಿಸಿಕೊಳ್ಳಬೇಕು. ಒಬ್ಬೊಬ್ಬರಿಗೆ ಎರಡು ಲೀಟರಿಗೆ ಕಡಿಮೆಯಿಲ್ಲದಷ್ಟು ನೀರನ್ನೂ ಒಯ್ಯಬೇಕು. ಸುಣ್ಣಗಲ್ಲಿನ ನೆಲ ಬಿದ್ದ ಮಳೆಯನ್ನೆಲ್ಲ ಕುಡಿದುಬಿಡುವುದರಿಂದ ನಾವು ನಡೆದ ದಾರಿಗಳಲ್ಲಿ ಒಂದು ಒರತೆಯೂ ಕಾಣಲಿಲ್ಲ.

ಮರುದಿನ ಗಾಳಿ ಇಳಿಯಿತು. ಸೆನಾಂಕ್ ಮಠಕ್ಕೆ ನಡೆದೆವು. ದೂರದ ಹಾದಿಗೆ ಮರ, ಬಂಡೆಗಳ ಮೇಲೆ ಬಿಳಿ ಪಟ್ಟೆ, ಅದರ ಕೆಳಗೆ ಕೆಂಪು ಪಟ್ಟೆ ಬಳಿದಿರುತ್ತಾರೆ. ಊರಿನ ಸುತ್ತಲಿನ ಸಣ್ಣ ಹಾದಿಗಳಿಗೆ ಹಳದಿ ಪಟ್ಟೆ. ಪಟ್ಟೆಗಳು ಒಂದರ ಮೇಲೊಂದು ಅಡ್ಡಬಿದ್ದು ಕತ್ತರಿಯಂತಿದ್ದರೆ ಆ ಕಡೆ ಹೋಗಬಾರದು. 1148ರಲ್ಲಿ ಸ್ಥಾಪನೆಯಾದ ಈ ಮಠದಲ್ಲಿ ಸಿಸ್ಟರ್ಸಿಯನ್ ಎಂಬ ಕ್ಯಾಥೊಲಿಕ್ ಪಂಥದ ಸನ್ಯಾಸಿಗಳು ಇಂದಿಗೂ ಇದ್ದಾರೆ. ಕಣಿವೆ ಎಷ್ಟು ಇಕ್ಕಟ್ಟೆಂದರೆ, ಪೂರ್ವಕ್ಕೆ ಮುಖ ಮಾಡಬೇಕಾದ ಪೂಜಾಪೀಠವನ್ನು ಉತ್ತರಕ್ಕೆ ತಿರುಗಿಸಿ ಚರ್ಚನ್ನು ಕಟ್ಟಿದ್ದಾರೆ. ಒಳಗೆ ಚಿತ್ರವಿಲ್ಲ, ಬಣ್ಣವಿಲ್ಲ, ಬರಿಯ ಕಲ್ಲು ಮತ್ತು ಬೆಳಕು. ಅಲ್ಲಿ ಕುಳಿತ ಹತ್ತು ನಿಮಿಷ ನನಗೆ ಹಿತವೆನಿಸಿತು. ಹೊರಗಿನ ಲ್ಯಾವೆಂಡರ್ ಸಾಲುಗಳು ತುಂಬು ಹೂವಿನಲ್ಲಿದ್ದವು. ಆದರೆ ಸನ್ಯಾಸಿಗಳು ದುಡಿದು ಬೆಳೆದ ಬೆಳೆಯ ನಡುವೆ ನುಗ್ಗಿ ಗಿಡ ತುಳಿಯುತ್ತ ಫೋಟೊ ತೆಗೆಸಿಕೊಳ್ಳುತ್ತಿದ್ದವರನ್ನು ಕಂಡು ಬೇಸರವಾಗಿ ಬೇಗ ಹಿಂದಿರುಗಿದೆವು.

ಆ ಹಿರಿಯರು ಸಿಕ್ಕಿದ್ದು ಮೂರನೆಯ ದಿನ, ಊರಿನ ಪಶ್ಚಿಮಕ್ಕೆ ಕಲ್ಲುಗುಡಿಸಲುಗಳ ಕಡೆಗೆ ಹೋಗುವ ದಾರಿಯಲ್ಲಿ. ಆ ದಾರಿಯ ಎರಡೂ ಬದಿಗೆ ಎದೆಮಟ್ಟದ ಗೋಡೆಗಳಿವೆ. ಗಾರೆಯಿಲ್ಲ, ಮಣ್ಣಿಲ್ಲ, ಬರಿಯ ಚಪ್ಪಟೆ ಕಲ್ಲುಗಳನ್ನು ಒಂದರ ಮೇಲೊಂದು ಕೂರಿಸಿದ್ದಾರೆ. ಒಂದು ಕಡೆ ನಾಲ್ಕೈದು ಮಾರು ಗೋಡೆ ಹೊಟ್ಟೆ ಒಡೆದಂತೆ ದಾರಿಗೆ ಸುರಿದಿತ್ತು. ಎಪ್ಪತ್ತು ದಾಟಿದ ಹಿರಿಯರೊಬ್ಬರು ಮೊಣಕಾಲೂರಿ, ಸುರಿದ ಕಲ್ಲುಗಳನ್ನು ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸುತ್ತಿದ್ದರು. ನಾನು ನಿಂತೆ. ಅವರು ತಲೆಯೆತ್ತಿ ನಮಸ್ಕಾರ ಹೇಳಿದರು. ನನಗೆ ಫ್ರೆಂಚ್ ಬಾರದು, ಮಾತೆಲ್ಲ ಮಗಳ ಮೂಲಕವೇ ನಡೆಯಿತು.

“ಗೋಡೆ ಯಾಕೆ ಬಿತ್ತು ಅಂತ ಕೇಳಮ್ಮ” ಎಂದೆ.

ಅವರು ಮಣ್ಣಿನಿಂದ ಒಂದು ಹೆಂಟೆಯನ್ನು ಎತ್ತಿ ತೋರಿಸಿದರು. ಅದು ಸಿಮೆಂಟು. “ಅಪ್ಪ, ಹಿಂದಿನ ಮಾಲೀಕರು ಗಟ್ಟಿಯಾಗಲಿ ಅಂತ ಸಿಮೆಂಟು ಹಾಕಿ ರಿಪೇರಿ ಮಾಡಿಸಿದ್ದರಂತೆ. ಅದೇ ತಪ್ಪಾಯಿತು ಅಂತಾರೆ” ಎಂದಳು ಮಗಳು. ಮೇಲಿನ ಹೊಲದಲ್ಲಿ ಇಂಗಿದ ಮಳೆನೀರು ಕಲ್ಲುಗಳ ಸಂದಿನಿಂದ ಸೋರಿಹೋಗಬೇಕು. ಸಂದು ಮುಚ್ಚಿದರೆ ನೀರು ಹಿಂದೆ ನಿಂತು, ಮಣ್ಣು ಉಬ್ಬಿ, ಗೋಡೆಯನ್ನು ಮುಂದಕ್ಕೆ ತಳ್ಳುತ್ತದೆ. ಗೋಡೆಯನ್ನು ಉಳಿಸುವುದೇ ಅದರ ತೂತುಗಳು ಎಂದು ಅವರು ಎರಡು ಸಲ ಹೇಳಿದರು.

ಆಮೇಲೆ ಕಟ್ಟುವ ಕ್ರಮವನ್ನು ಕೈಯಿಂದಲೇ ತೋರಿಸುತ್ತ ಹೋದರು. ದೊಡ್ಡ ಕಲ್ಲು ತಳಕ್ಕೆ. ಪ್ರತಿಯೊಂದು ಕಲ್ಲೂ ಕೆಳಗಿನ ಎರಡು ಕಲ್ಲುಗಳ ಸಂದಿನ ಮೇಲೆ ಬರಬೇಕು, ಸಂದಿನ ಮೇಲೆ ಸಂದು ಬಂದರೆ ಗೋಡೆ ಅಲ್ಲೇ ಬಿರಿಯುತ್ತದೆ. ಕಲ್ಲಿನ ಉದ್ದ ಚೆಂದಕ್ಕೆಂದು ಹೊರಗೆ ಕಾಣುವಂತೆ ಇರಬಾರದು, ಒಳಕ್ಕೆ ಮಣ್ಣಿನ ಕಡೆಗೆ ಚಾಚಿರಬೇಕು. ಒಂದೊಂದು ವರಸೆ ಏರಿದಂತೆ ಗೋಡೆ ತುಸುತುಸುವೇ ಹೊಲದ ಕಡೆಗೆ ಒರಗಬೇಕು. ಬೆನ್ನಿಗೆ ಚಕ್ಕೆಗಳನ್ನು ಸುರಿಯದೆ ಒಂದೊಂದಾಗಿ ಒತ್ತಿ ತುಂಬಬೇಕು. ಕೈಗೆತ್ತಿಕೊಂಡ ಕಲ್ಲನ್ನು ಕೆಳಗೆ ಹಾಕದೆ ಅದಕ್ಕೊಂದು ಜಾಗ ಹುಡುಕಬೇಕು ಎಂದು ಅವರ ತಂದೆ ಹೇಳುತ್ತಿದ್ದರಂತೆ. ಸುತ್ತಿಗೆಯನ್ನು ಅವರು ಬಳಸಿದ್ದು ಬಹಳ ಕಡಿಮೆ. ಕಲ್ಲನ್ನು ಅಂಗೈ ಮೇಲೆ ತಿರುವಿ, ತೂಗಿ, ಇಟ್ಟು, ಅಲುಗಾಡಿಸಿ ನೋಡುತ್ತಿದ್ದರು. ಕೂತರೆ ಒಂದು ಮಂದವಾದ ಸದ್ದು, ಕೂರದಿದ್ದರೆ ಟಕ್ಕೆನ್ನುವ ಸದ್ದು. ಸ್ವಲ್ಪ ಹೊತ್ತಿನಲ್ಲಿ ನನಗೂ ಅದು ತಿಳಿಯತೊಡಗಿತು.

ಇಷ್ಟೊಂದು ಗೋಡೆಗಳನ್ನು ಕಟ್ಟಿಸಿದವರು ಯಾರು ಎಂದು ಕೇಳಿದೆ. ಯಾರೂ ಕಟ್ಟಿಸಲಿಲ್ಲ, ಹೊಲ ಮಾಡುವಾಗ ಸಿಕ್ಕ ಕಲ್ಲನ್ನು ಎಲ್ಲಿಯಾದರೂ ಇಡಬೇಕಿತ್ತಲ್ಲ ಎಂದರು. ಗೋಡೆಗೂ ಮಿಕ್ಕಿದ್ದನ್ನು ಹೊಲದ ಮೂಲೆಯಲ್ಲಿ ಗುಡ್ಡೆ ಹಾಕುತ್ತಿದ್ದರು, ಆ ಗುಡ್ಡೆಗೆ ‘ಕ್ಲಾಪಾಸ್’ ಎನ್ನುತ್ತಾರೆ. ನಾನು ಶಿಡ್ಲಘಟ್ಟದ ಕಡೆಯವನು. ನಮ್ಮ ತಾತ ಪ್ರತಿ ವರ್ಷ ಉಳುಮೆಗೆ ಮುಂಚೆ ಹೊಲದ ಕಲ್ಲನ್ನು ಆಯ್ದು ಬದುವಿಗೆ ಹಾಕುತ್ತಿದ್ದುದನ್ನು, ಆ ಬದುವಿನ ಕಲ್ಲುಗಳು ನನ್ನ ಕಾಲದಲ್ಲಿ ಕದಲಿ ಹರಡಿಹೋದುದನ್ನು ಅವರಿಗೆ ಹೇಳಿಸಿದೆ. ಅವರು ಕೆಲಸ ನಿಲ್ಲಿಸಿ ಕೇಳಿ, ತಮ್ಮ ಕಥೆಯನ್ನೂ ಹೇಳಿದರು. 1956ರ ಫೆಬ್ರವರಿಯ ಭಾರಿ ಹಿಮಗಾಳಿಗೆ ಪ್ರೊವಾನ್ಸ್‌ನ ಆಲಿವ್ ಮರಗಳು ಸಾಲುಸಾಲಾಗಿ ಸತ್ತುಹೋದವು. ಅವರ ತಂದೆ ಹೊಲ ಬಿಟ್ಟು ಕೂಲಿಗೆ ಹೋದದ್ದು ಆಗಲೇ. ಬಿಟ್ಟ ಹೊಲಗಳಲ್ಲಿ ಓಕ್ ಮರ, ಜೂನಿಪರ್ ಪೊದೆ ಬೆಳೆದು, ಬೇರುಗಳು ಗೋಡೆಗಳನ್ನು ಸೀಳಿದವು. ಗಾರೆಯಿಲ್ಲದೆ ಕಲ್ಲು ಕಟ್ಟುವ ಈ ವಿದ್ಯೆಯನ್ನು 2018ರಲ್ಲಿ ಯುನೆಸ್ಕೊ ಫ್ರಾನ್ಸ್ ಸೇರಿದಂತೆ ಎಂಟು ದೇಶಗಳ ಹೆಸರಿನಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ವಿಷಯ ಎತ್ತಿದಾಗ ಅವರು ಸಂತೋಷವೆಂದು ತಲೆದೂಗಿ, ಕಲಿಯುವ ಹುಡುಗರು ಬೇಕು ಎಂದಷ್ಟೇ ಹೇಳಿದರು.

ಹೊರಡುವ ಮುಂಚೆ ನನಗೊಂದು ಕಲ್ಲು ಕೊಟ್ಟರು. ಚೆಂದದ ಮುಖ ಹೊರಗೆ ಬರುವಂತೆ ಇಟ್ಟೆ. ಅವರು ಅದನ್ನು ತೆಗೆದು, ಕಾಲು ಸುತ್ತು ತಿರುಗಿಸಿ, ಉದ್ದವನ್ನು ಒಳಗೆ ಹಾಕಿ ನನ್ನ ಕೈಗೇ ಮತ್ತೆ ಕೊಟ್ಟರು. ಈ ಸಲ ಮಂದವಾದ ಸದ್ದು ಬಂತು. ಅಲ್ಲಿ ಒಂದೂವರೆ ಗಂಟೆ ಕಳೆದಿತ್ತು.

ಕಲ್ಲುಗುಡಿಸಲುಗಳನ್ನು ಈಗ ‘ಬೊರಿ’ ಎನ್ನುತ್ತಾರೆ. ಹಳಬರ ಬಾಯಲ್ಲಿ ಅವು ಬರಿಯ ‘ಕಬಾನೊ’, ಅಂದರೆ ಗುಡಿಸಲು. 1969ರಿಂದ 1976ರವರೆಗೆ ದುರಸ್ತಿ ಮಾಡಿ ಉಳಿಸಿದ ಸುಮಾರು ಮೂವತ್ತು ಗುಡಿಸಲುಗಳು ಅಲ್ಲಿವೆ. ಅದೇ ಗೋಡೆಯ ವಿದ್ಯೆ ಇಲ್ಲಿ ಸೂರಾಗಿದೆ. ಪ್ರತಿ ವರಸೆಯೂ ಕೆಳಗಿನದಕ್ಕಿಂತ ತುಸು ಒಳಕ್ಕೆ ಚಾಚುತ್ತ ಹೋಗಿ ಕೊನೆಗೆ ನೆತ್ತಿಯಲ್ಲಿ ಕೂಡುತ್ತದೆ. ಕಲ್ಲುಗಳು ಹೊರಕ್ಕೆ ಇಳಿಜಾರಾಗಿರುವುದರಿಂದ ಮಳೆನೀರು ಒಳಗೆ ಬರುವುದಿಲ್ಲ. ಒಂದು ಗುಡಿಸಲಿನಲ್ಲಿ ರೊಟ್ಟಿಯ ಒಲೆ, ಇನ್ನೊಂದರಲ್ಲಿ ಕುರಿದೊಡ್ಡಿ, ಮತ್ತೊಂದರಲ್ಲಿ ರೇಷ್ಮೆಹುಳು ಸಾಕುತ್ತಿದ್ದ ಜಾಗ. ಹುಳುವಿನ ಮನೆಯಲ್ಲೇ ಬೆಳೆದ ನನಗೆ ಅಲ್ಲಿಂದ ಬೇಗ ಹೊರಬರಲಾಗಲಿಲ್ಲ. ಹತ್ತೊಂಬತ್ತನೆಯ ಶತಮಾನದ ನಡುವೆ ಪೆಬ್ರಿನ್ ರೋಗ ಬಂದು ಈ ಸೀಮೆಯ ರೇಷ್ಮೆ ನೆಲಕಚ್ಚಿತು. 1865ರಿಂದ ಲೂಯಿ ಪ್ಯಾಸ್ಚರ್ ಇಲ್ಲಿಂದ ಹೆಚ್ಚು ದೂರವಿಲ್ಲದ ಅಲೆಸ್‌ನಲ್ಲಿ ಕೂತು ಅದರ ಬೆನ್ನುಹತ್ತಿದರು. ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನು ಅರೆದು ರೋಗವಿದೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುವ ಅವರ ವಿಧಾನ, ರೇಷ್ಮೆಹುಳುವಿನ ಮೊಟ್ಟೆ ತಯಾರಿಸುವ ನಮ್ಮ ಬಿತ್ತನೆ ಕೋಠಿಗಳಲ್ಲಿ ಇಂದಿಗೂ ನಡೆಯುತ್ತಿದೆ. ಗೋಡೆಯ ಒಂದು ಕಲ್ಲಿನ ಮೇಲೆ ಕೈಯಿಟ್ಟೆ. ಹೊರಗೆ ಸುಡುಬಿಸಿಲು, ಜೀರುಂಡೆಗಳ ಒಂದೇ ಸಮನೆ ಕೂಗು. ಒಳಗೆ ಕಲ್ಲು ತಣ್ಣಗಿತ್ತು.

ನಾಲ್ಕನೆಯ ದಿನ ಕಾಲುನೋವಿನಿಂದ ಹೊರಗೆ ಹೋಗಲಿಲ್ಲ. ಐದನೆಯ ದಿನ ಬಸ್ಸಿಗೆ ಎರಡು ಗಂಟೆ ಇರುವಾಗಲೇ ಎದ್ದು, ಮಗಳನ್ನು ಕರೆದುಕೊಂಡು ಮತ್ತೆ ಆ ದಾರಿಗೆ ಹೋದೆ. ಹಿರಿಯರು ಇನ್ನೂ ಬಂದಿರಲಿಲ್ಲ. ಗೋಡೆ ಸೊಂಟದ ಮಟ್ಟಕ್ಕೆ ಏರಿತ್ತು. ನನ್ನ ಕಲ್ಲನ್ನು ಹುಡುಕಿದೆ. ಅದು ಮೂರನೆಯ ವರಸೆಯಲ್ಲಿ, ಕೆಳಗಿನ ಎರಡು ಕಲ್ಲುಗಳ ಸಂದಿನ ಮೇಲೆ ಹಾಗೆಯೇ ಕೂತಿತ್ತು, ಅದರ ಮೇಲೆ ಆಗಲೇ ಎರಡು ಕಲ್ಲುಗಳು ಬಂದಿದ್ದವು.