24 ಬಾಹುಗಳ ಹತ್ತಿರ ಸ್ಕೇಲ್ ಸೋತಿತು

16 ನವೆಂಬರ್ 2025, ಭಾನುವಾರ

ಬೆಳಿಗ್ಗೆಯಿಂದ ಕೈವಾರ ಹಿಡಿದು ಕೂತಿದ್ದೇನೆ. ಪೈ ಬೆಲೆಯನ್ನು, ಅಂದರೆ ವೃತ್ತದ ಸುತ್ತಳತೆಯನ್ನು ವ್ಯಾಸದಿಂದ ಭಾಗಿಸಿದಾಗ ಬರುವ ಸುಮಾರು 3.14 ಅನ್ನು, ಒಮ್ಮೆಯಾದರೂ ನನ್ನ ಕೈಯಾರೆ ಅಳೆದು ನೋಡಬೇಕು ಅಂತ ಬಹಳ ದಿನದ ಆಸೆ. 10 ಸೆಂಟಿಮೀಟರ್ ತ್ರಿಜ್ಯದ ವೃತ್ತ ಬರೆದೆ. ಒಳಗೊಂದು ಬಹುಭುಜ, ಹೊರಗೊಂದು. ಒಳಗಿನದರ ಸುತ್ತಳತೆ ವೃತ್ತಕ್ಕಿಂತ ಕಡಿಮೆ, ಹೊರಗಿನದು ಜಾಸ್ತಿ. ಪೈ ಎರಡರ ನಡುವೆ ಸಿಕ್ಕಿಬೀಳಲೇಬೇಕು, ಅಲ್ವಾ?

ಷಡ್ಭುಜ ಸಲೀಸು. ಕೈವಾರದ ಅಗಲ ಬದಲಿಸದೆ ವೃತ್ತದ ಮೇಲೆ ಆರು ಸಲ ಗುರುತು ಹಾಕಿದರೆ ಸರಿಯಾಗಿ ಹೊರಟಲ್ಲಿಗೇ ಬಂದು ಸೇರುತ್ತದೆ. ಎಷ್ಟು ಸಲ ನೋಡಿದರೂ ನನಗೆ ಖುಷಿ. ಬಾಹು 10, ಸುತ್ತಳತೆ 60. ವ್ಯಾಸ 20ರಿಂದ ಭಾಗಿಸಿದರೆ 3. ಹೊರಗಿನ ಬಾಹು 11.5 ಬಂತು, ಅಂದರೆ 3.45. 12 ಬಾಹುಗಳಿಗೆ 3.12 ಮತ್ತು 3.24.

ಆಮೇಲೆ 24. ಒಳಗಿನ ಬಾಹು 2.6. ಹೊರಗಿನದೂ 2.6! ಎರಡಕ್ಕೂ ಉತ್ತರ 3.12. ವೃತ್ತವನ್ನು ಹೊರಗಿನಿಂದ ತಬ್ಬಿಕೊಂಡ ಬಹುಭುಜ ವೃತ್ತಕ್ಕಿಂತ ಚಿಕ್ಕದಾಗುವುದು ಹೇಗೆ? ಮತ್ತೆ ಅಳೆದೆ. ಅದೇ 2.6.

ಲೆಕ್ಕ ಹಾಕಿ ನೋಡಿದಾಗ ಗೊತ್ತಾಯಿತು. ನಿಜವಾದ ಉದ್ದ ಒಳಗೆ 2.611, ಹೊರಗೆ 2.633. ವ್ಯತ್ಯಾಸ ಮಿಲಿಮೀಟರಿನ ಕಾಲು ಭಾಗವೂ ಇಲ್ಲ. ನನ್ನ ಪೆನ್ಸಿಲ್ ಗೆರೆಯೇ ಅದಕ್ಕಿಂತ ದಪ್ಪ! ಸಾಲದ್ದಕ್ಕೆ ಒಂದು ಬಾಹುವಿನ ತಪ್ಪು 24 ಪಟ್ಟು ಆಗುತ್ತದೆ. ಬಾಹು ಹೆಚ್ಚಿದಷ್ಟೂ ಆಕೃತಿ ವೃತ್ತಕ್ಕೆ ಹತ್ತಿರ, ಅಳತೆ ಮಾತ್ರ ನಿಜದಿಂದ ದೂರ.

ಇದೇ ದಾರಿಯಲ್ಲಿ ಪೈ ಹುಡುಕಿದ ಪ್ರಾಚೀನ ಗ್ರೀಕ್ ಗಣಿತಜ್ಞ ಆರ್ಕಿಮಿಡೀಸ್ ಏನು ಮಾಡಿದ ಅಂತ ಈಗ ಸರಿಯಾಗಿ ಅರ್ಥವಾಯಿತು. ಅವನು 96 ಬಾಹುಗಳವರೆಗೆ ಹೋದದ್ದು ಸ್ಕೇಲ್ ಹಿಡಿದಲ್ಲ. ಷಡ್ಭುಜದಿಂದ ಶುರುಮಾಡಿ, ಪ್ರತಿ ಸಲ ಬಾಹುಗಳನ್ನು ಇಮ್ಮಡಿ ಮಾಡುತ್ತಾ, ಹಿಂದಿನ ಬಾಹುವಿನಿಂದ ಮುಂದಿನದನ್ನು ಲೆಕ್ಕದಲ್ಲೇ ತೆಗೆದ. ದಶಮಾಂಶ ಇಲ್ಲದ ಕಾಲ, ಎಲ್ಲವೂ ಭಿನ್ನರಾಶಿ. ವರ್ಗಮೂಲ ಪೂರ್ತಿ ಸಿಗದ ಕಡೆ ಒಳಗಿನದನ್ನು ಸ್ವಲ್ಪ ಕಡಿಮೆ ಹಿಡಿದ, ಹೊರಗಿನದನ್ನು ಸ್ವಲ್ಪ ಜಾಸ್ತಿ. ಹಾಗಾಗಿ ಪೈ ಎಂದೂ ತಪ್ಪಿಸಿಕೊಳ್ಳಲಿಲ್ಲ. 223/71ಕ್ಕಿಂತ ಹೆಚ್ಚು, 22/7ಕ್ಕಿಂತ ಕಡಿಮೆ. ನಾವು ಶಾಲೆಯಲ್ಲಿ ಸುಮ್ನೆ ಪೈ ಅಂತ ಬರೆಯುತ್ತಿದ್ದ 22/7 ಅವನ ಮೇಲಿನ ಗಡಿ! ಈ ಎಚ್ಚರಿಕೆ ನನಗೆ 96ಕ್ಕಿಂತಲೂ ದೊಡ್ಡದಾಗಿ ಕಾಣುತ್ತದೆ.

ಸ್ಕೇಲ್ ಪಕ್ಕಕ್ಕಿಟ್ಟು ಪೈಥಾಗೊರಸ್ ಪ್ರಮೇಯ ಹಿಡಿದು ಕೂತೆ. ಸಂಜೆಗೆ 24 ಬಾಹುಗಳು ಮುಗಿದವು: 3.1326 ಮತ್ತು 3.1597. ಈ ಸಲ ಪೈ ನಡುವೆಯೇ ಇದೆ. 48 ನಾಳೆ ರಾತ್ರಿಗೆ.