ಹಂಚಿನಿಂದ ತಟ್ಟೆಗೆ

ಜನವರಿ ಕೊನೆಯ ಶನಿವಾರ ಬೆಳಿಗ್ಗೆ ಮೈಸೂರಿನ ಗೆಳೆಯ, ಅವನ ಹೆಂಡತಿ, ಹತ್ತು ವರ್ಷದ ಮಗಳು ಗೋಲಗುಂಬಜ್ ಎಕ್ಸ್‌ಪ್ರೆಸ್‌ನಿಂದ ವಿಜಯಪುರದಲ್ಲಿ ಇಳಿದರು. ಆಟೊದಲ್ಲಿ ಬರುವಾಗ ಗೆಳೆಯನ ಹೆಂಡತಿ, "ಜೋಳದ ರೊಟ್ಟಿ ನಮ್ಗೂ ಗೊತ್ತು. ಮೈಸೂರಲ್ಲೇ ಪ್ಯಾಕೆಟ್‌ನಲ್ಲಿ ಸಿಗುತ್ತಲ್ವಾ, ಹಪ್ಪಳದ ಥರ ಇರುತ್ತೆ" ಅಂದರು.

ತಪ್ಪೇನಿಲ್ಲ, ಅದೂ ರೊಟ್ಟಿಯೇ. ಕಟಕ ರೊಟ್ಟಿ ತಿಂಗಳುಗಟ್ಟಲೆ ಇರುತ್ತದೆ, ದೂರದ ಊರಿಗೆ ಹೋಗಲಿ ಅಂತಲೇ ಒಣಗಿಸಿದ್ದು. ಆದರೆ ಅದನ್ನಷ್ಟೇ ತಿಂದು ರೊಟ್ಟಿ ಗೊತ್ತು ಅನ್ನುವವರನ್ನು ನಾನು ಹಾಗೇ ವಾಪಸ್ ಕಳಿಸಲಾರೆ. ಎರಡು ದಿನ ಏನೇನು ತಿನ್ನಿಸಬೇಕು ಅಂತ ಆಟೊ ಇಳಿಯುವ ಮೊದಲೇ ತೀರ್ಮಾನ ಮಾಡಿದೆ.

ಗೋಳಗುಮ್ಮಟ ಮೊದಲು ಮುಗಿಸಿದೆವು. ಅಲ್ಲಿಗೆ ಬೆಳಿಗ್ಗೆ ಬೇಗ ಹೋಗಬೇಕು. ಶಾಲೆಯ ಮಕ್ಕಳ ಬಸ್ಸುಗಳು ಬಂದ ಮೇಲೆ ಪಿಸುಗುಟ್ಟುವ ಗ್ಯಾಲರಿಯಲ್ಲಿ ಬರೀ ಕೂಗಾಟ. ನಮಗೆ ಹತ್ತು ನಿಮಿಷ ಶಾಂತಿ ಸಿಕ್ಕಿತು. ಹುಡುಗಿ ಆಚೆ ಗೋಡೆಗೆ ಬಾಯಿ ಹಚ್ಚಿ, "ಅಪ್ಪಾ, ಹಸಿವು" ಅಂದದ್ದು ಈಚೆ ನಮ್ಮ ಕಿವಿಗೆ ಸ್ಪಷ್ಟವಾಗಿ ಬಂತು. 1656ರಲ್ಲಿ ಮುಗಿದ ಕಟ್ಟಡ, 44 ಮೀಟರ್ ಅಗಲದ ಗುಮ್ಮಟ, ನಡುವೆ ಒಂದು ಕಂಬವೂ ಇಲ್ಲ. ಎಷ್ಟು ಸಲ ನೋಡಿದರೂ ನನಗೆ ಮೈ ಜುಮ್ ಅನ್ನುತ್ತದೆ.

ಇಳಿದು ಬಂದು ಸೂಸಲಾ ತಿಂದೆವು. ನೆನೆಸಿ ಹಿಂಡಿದ ಚುರುಮುರಿಗೆ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಅರಿಷಿಣದ ಒಗ್ಗರಣೆ, ಮೇಲೆ ಪುಟಾಣಿ (ಹುರಿಗಡಲೆ) ಹಿಟ್ಟು, ಪಕ್ಕದಲ್ಲಿ ಬಿಸಿ ಮಿರ್ಚಿ ಭಜಿ. ನಾವು ಚುರುಮುರಿ ಅನ್ನುವುದು ಮೈಸೂರಿನವರಿಗೆ ಪುರಿ. ಅವರ ಚುರುಮುರಿಯೇ ಬೇರೆ. ಹೆಸರಿನ ಈ ಗೊಂದಲ ಮಧ್ಯಾಹ್ನ ಖಾನಾವಳಿಯಲ್ಲೂ ಮುಂದುವರಿಯಿತು. ಬಡಿಸುವವರು, "ಶೇಂಗಾ ಹಿಂಡಿ ಹಾಕ್ಲೇನ್ರಿ ಅಕ್ಕಾರ?" ಅಂದಾಗ ಗೆಳೆಯನ ಹೆಂಡತಿ ಗಾಬರಿಯಾದರು. ಅವರ ಕಡೆ ಹಿಂಡಿ ಅಂದರೆ ದನಕ್ಕೆ ಹಾಕುವುದು! ನಮ್ಮಲ್ಲಿ ಚಟ್ನಿಪುಡಿಗೆ ಹಾಗನ್ನುತ್ತಾರೆ. ಶೇಂಗಾ, ಅಗಸಿ, ಕಾರೆಳ್ಳು, ಮೂರೂ ಬಗೆಯ ಹಿಂಡಿ ತಟ್ಟೆಗೆ ಬಿತ್ತು. ಜೊತೆಗೆ ಎಣ್ಣೆಗಾಯಿ, ಮಡಕಿಕಾಳು, ಬ್ಯಾಳಿ, ಗಟ್ಟಿ ಮೊಸರು, ಹಸಿ ಮೆಂತೆಸೊಪ್ಪು. ಒಳಗೆ ರೊಟ್ಟಿ ಬಡಿಯುವ ಸದ್ದು ನಿಲ್ಲಲೇ ಇಲ್ಲ. ಒಂದು ಮುಗಿಯುವ ಹೊತ್ತಿಗೆ ಇನ್ನೊಂದು ಬರುತ್ತದೆ, ಬೇಡ ಅಂತ ಕೈ ಅಡ್ಡ ಹಿಡಿಯಬೇಕು. ಅನ್ನ ಕೊನೆಗೆ, ಸ್ವಲ್ಪ ಮಾತ್ರ. "ಅನ್ನ ಇಷ್ಟೇನಾ?" ಅಂತ ಕೇಳಿದ ಗೆಳೆಯ ಅದನ್ನೂ ಪೂರ್ತಿ ತಿನ್ನಲಿಲ್ಲ.

ಬಿಸಿಲು ಇಳಿದ ಮೇಲೆ ತಾಜ್ ಬಾವಡಿಗೆ ಹೋದೆವು. ಎರಡನೇ ಇಬ್ರಾಹಿಂ ಆದಿಲ್‌ಶಾ 1620ರಲ್ಲಿ ಹೆಂಡತಿ ತಾಜ್ ಸುಲ್ತಾನಾ ಹೆಸರಿನಲ್ಲಿ ಕಟ್ಟಿಸಿದ ಬಾವಿ. ತಿನ್ನುವ ತಿರುಗಾಟದಲ್ಲಿ ಬಾವಿ ಯಾಕೆ ಅಂತ ಹುಡುಗಿ ಕೇಳಿದಳು. ನೀರಿಲ್ಲದೆ ಊಟ ಎಲ್ಲಿಂದ ಬರಬೇಕು? ಈ ಒಣ ಸೀಮೆಯಲ್ಲಿ ಅಷ್ಟು ದೊಡ್ಡ ರಾಜಧಾನಿ ಬದುಕಿದ್ದೇ ಇಂಥ ಬಾವಿ, ಕೆರೆಗಳಿಂದ. ಬೇಗಂ ತಲಾಬ್ ಅನ್ನುವ ಕೆರೆಯ ನೀರು ನೆಲದಡಿಯ ಮಣ್ಣಿನ ಕೊಳವೆಗಳಲ್ಲಿ ಊರೊಳಗೆ ಬರುತ್ತಿತ್ತು. ಒತ್ತಡಕ್ಕೆ ಕೊಳವೆ ಒಡೆಯದಿರಲಿ ಅಂತ ದಾರಿಯಲ್ಲಿ ಗೋಪುರ ಕಟ್ಟಿದ್ದರು, ಅವಕ್ಕೆ ಗಂಜ್ ಅನ್ನುತ್ತಾರೆ. ಇದನ್ನೆಲ್ಲ ಗಾಡಿಯೊಂದರ ಮುಂದೆ ಲಿಂಬಿ ಶರಬತ್ತು ಕುಡಿಯುತ್ತಾ ಹೇಳಿದೆ. ಇಂಡಿ ಕಡೆಯ ಲಿಂಬೆ ತೆಳು ಸಿಪ್ಪೆಯದು, ರಸ ಜಾಸ್ತಿ. ಉಪ್ಪು, ಸಕ್ಕರೆ ಎರಡೂ ಹಾಕಿಸಿ ಕುಡಿಯಬೇಕು.

ರಾತ್ರಿ ನಮ್ಮ ಮನೆಯಲ್ಲಿ ಊಟ. ಅವ್ವ ಇಂದಿಗೂ ಒಲೆಯ ಮೇಲೆಯೇ ರೊಟ್ಟಿ ಮಾಡುತ್ತಾಳೆ. ಹುಡುಗಿ ಅವಳ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಳು. ಅವ್ವ ಕೊಣಮಿಗಿ ಅನ್ನುವ, ಹಿಟ್ಟು ನಾದುವ ಪರಾತದಲ್ಲಿ ಹಿಟ್ಟು ಹಾಕಿ, ನಡುವೆ ಗುಂಡಿ ಮಾಡಿ, ಕುದಿಯುವ ಎಸರು ಸುರಿದಳು. ಮೊದಲು ಚಮಚದಿಂದ ಕಲಸಿ, ಆಮೇಲೆ ಅಂಗೈಯಿಂದ ಒತ್ತಿ ಒತ್ತಿ ನಾದಿದಳು. ಜೋಳಕ್ಕೆ ಗೋಧಿಯ ಹಾಗೆ ತನ್ನದೇ ಹಿಡಿತ ಇಲ್ಲ. ಬಿಸಿನೀರು ಬಿದ್ದರೇನೇ ಜಿಗಿ ಬರುವುದು. ಹಿಟ್ಟು ಹಳೆಯದಾದರೆ ಬಿಸಿನೀರೂ ಕೈ ಹಿಡಿಯಲ್ಲ, ಅಂಚು ಹರಿಯುತ್ತದೆ. ಅದಕ್ಕೇ ನಮ್ಮ ಮನೆಯಲ್ಲಿ ಎಂಟು ದಿನಕ್ಕಾಗುವಷ್ಟೇ ಬೀಸಿಸುವುದು.

ಉಂಡೆ ಒಣ ಹಿಟ್ಟಿನ ಮೇಲೆ ಕೂತಿತು. ಬಲಗೈ ಬಡಿಯುತ್ತದೆ, ಎಡಗೈ ಅಂಚು ಕಾಯುತ್ತದೆ, ರೊಟ್ಟಿ ತಾನಾಗಿಯೇ ತಿರುಗುತ್ತಿರುವಂತೆ ಕಾಣುತ್ತದೆ. ಎತ್ತಿ ಹಂಚಿಗೆ ಹಾಕಿ, ಮೇಲೆ ಒದ್ದೆ ಬಟ್ಟೆ ಆಡಿಸಿದಳು. ಹಿಟ್ಟಿನ ಬಿಳುಪು ಹೋಗಿ ಬೂದುಬಣ್ಣ ಬಂತು. ನೀರು ಆರುತ್ತಿದ್ದ ಹಾಗೆ ತಿರುವಿ, ಕೊನೆಗೆ ಕೆಂಡದ ಮುಂದೆ ನಿಲ್ಲಿಸಿದಳು. ರೊಟ್ಟಿ ಉಬ್ಬಿತು. ಒಂದು ಕಡೆ ಸಣ್ಣ ತೂತಾಗಿ ಹಬೆ ಸುಯ್ ಅಂತು. ಅದೇ ತೂತಿನಲ್ಲಿ ಅವ್ವ ಬೆಣ್ಣೆ ಇಟ್ಟು ಹುಡುಗಿಯ ಕೈಗೆ ಕೊಟ್ಟಳು. "ಲಗೂನ ತಿನ್ನು ನನ್ನವ್ವಾ, ಆರಿದ್ರ ರುಚಿ ಹೋಗ್ತದ."

ಗೆಳೆಯನ ಹೆಂಡತಿ ಎರಡನೇ ರೊಟ್ಟಿ ಮುರಿಯುವಾಗ, "ಇದು ಸಿಹಿಯಾಗಿದೆ" ಅಂದರು. ಹೌದು, ಹೊಸದಾಗಿ ಬೀಸಿದ ಹಿಟ್ಟಿನ ಬಿಸಿ ರೊಟ್ಟಿಗೆ ಒಂದು ಸಣ್ಣ ಸಿಹಿ ಇರುತ್ತದೆ. ಹಂಚಿನಿಂದ ಇಳಿದ ಐದು ನಿಮಿಷದೊಳಗೆ ತಿಂದವರಿಗೆ ಮಾತ್ರ ಅದು ಸಿಗುವುದು. ನಾನು ಅವರನ್ನು ಕರೆಸಿದ್ದು ಆ ಐದು ನಿಮಿಷಕ್ಕೆ.

ಭಾನುವಾರ ಬೆಳಿಗ್ಗೆ ಕಾಕಾನ ಹೊಲಕ್ಕೆ ಹೋದೆವು. ಡೋಣಿ ನದಿಯ ಕಡೆಯ ಕಪ್ಪು ಮಣ್ಣು. "ಡೋಣಿ ಹರಿದರೆ ಓಣೆಲ್ಲ ಜೋಳ" ಅನ್ನುವ ಮಾತು ಈ ಸೀಮೆಯದೇ. ಹಿಂಗಾರಿ ಜೋಳ ಮಳೆ ನಿಂತ ಮೇಲೆ, ಮಣ್ಣಿನಲ್ಲಿ ಉಳಿದ ಹಸಿಯನ್ನೇ ನಂಬಿ ಬೆಳೆಯುತ್ತದೆ. ಆಳೆತ್ತರದ ಬೆಳೆಯ ನಡುವೆ ಹುಡುಗಿ ಕಾಣದಂತಾದಳು. ಕಾಕಾ ಇನ್ನೂ ಹಾಲುಕಾಳು ಇದ್ದ ತೆನೆ ಕೊಯ್ದು ಕುಳ್ಳಿನ (ಬೆರಣಿಯ) ಕೆಂಡದಲ್ಲಿ ಸುಟ್ಟರು. ಬಿಸಿ ತೆನೆಯನ್ನು ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ ತೆಗೆದರೆ ಹಸಿರು ಸೀತನಿ. ಬೆಲ್ಲದ ಜೊತೆ ಒಂದು ಮುಕ್ಕು, ಹಿಂಡಿ ಜೊತೆ ಒಂದು ಮುಕ್ಕು, ಮೇಲೆ ಮಜ್ಜಿಗೆ. ಬಾಯಿಯ ಸುತ್ತ ಎಲ್ಲರಿಗೂ ಮಸಿ. "ನಿನ್ನೆ ತಿಂದ ರೊಟ್ಟಿ ಇದೇನಾ?" ಅಂತ ಹುಡುಗಿ ಕೇಳಿದಳು. "ಇದ ನೋಡವ್ವಾ, ಇನ್ನೊಂದ ತಿಂಗಳ ಬಿಟ್ರ ರೊಟ್ಟಿ ಆಗ್ತದ" ಅಂದರು ಕಾಕಾ.

ದ್ರಾಕ್ಷಿ ಇನ್ನೂ ಹುಳಿ ಇತ್ತು, ಹೋದ ವರ್ಷದ ಒಣದ್ರಾಕ್ಷಿ ಒಂದು ಕಿಲೋ ತಗೊಂಡರು. ಅವ್ವ ಸಂಕ್ರಾಂತಿಯ ಶೇಂಗಾ ಹೋಳಿಗೆ ಕಟ್ಟಿಕೊಟ್ಟಳು, ಜೊತೆಗೆ ಹೊಸದಾಗಿ ಬೀಸಿದ ಎರಡು ಕಿಲೋ ಜೋಳದ ಹಿಟ್ಟು. ಸಂಜೆ ರೈಲು ಹತ್ತಿಸಿ ಬಂದೆ.

ಮಂಗಳವಾರ ರಾತ್ರಿ ಫೋನು ಬಂತು. ರೊಟ್ಟಿ ಬಡಿಯಲು ಕೂತಿದ್ದಾರಂತೆ, ನಾಲ್ಕೂ ಅಂಚು ಹರಿಯುತ್ತಿದೆಯಂತೆ. ಅವ್ವ ಒಲೆಯ ಮುಂದಿನಿಂದಲೇ ಕೂಗಿದಳು: "ಎಸರು ಖೊಳಖೊಳ ಕುದಿಸ್ಯಾರೇನ ಕೇಳು, ಸುಮ್ನ ಬೆಚ್ಚಗ ಮಾಡಿ ಹಾಕಿರ್ತಾರ!"