ಬ್ಯಾಗಿನಲ್ಲೊಂದು ಪ್ಲಕ್ಕರ್

ನನ್ನ ಬ್ಯಾಗಿನ ಒಳಜೇಬಿನಲ್ಲಿ ಯಾವಾಗಲೂ ಒಂದು ಪ್ಲಕ್ಕರ್ ಇರುತ್ತದೆ. ಗದ್ದದ ಕೆಳಗೆ, ಎಡಗಡೆ, ನಾಲ್ಕೈದು ಗಡುಸು ಕೂದಲು. ಒಂದನ್ನು ಕಿತ್ತರೆ ಪಕ್ಕದಲ್ಲೇ ಇನ್ನೊಂದು ಬೆರಳಿಗೆ ಚುಚ್ಚುತ್ತದೆ. ಮೀಟಿಂಗ್‌ನಲ್ಲಿ ಗದ್ದಕ್ಕೆ ಕೈ ಕೊಟ್ಟು ಕೂರುತ್ತೇನೆ. ಏನೋ ದೊಡ್ಡ ಯೋಚನೆ ಮಾಡುತ್ತಿದ್ದೇನೆ ಅಂತ ನೋಡಿದವರು ಅಂದುಕೊಳ್ಳಬೇಕು. ಯೋಚನೆ ಎಲ್ಲಿ ಬಂತು, ಮುಚ್ಚಿಕೊಳ್ಳುವುದು ಅಷ್ಟೆ.

17ನೇ ವಯಸ್ಸಿನಲ್ಲಿ ದೊಡ್ಡಮ್ಮ ನನ್ನ ಕತ್ತಿನ ಹಿಂದಿನ ಕಪ್ಪು ನೋಡಿ, "ಸರಿಯಾಗಿ ಸ್ನಾನ ಮಾಡಲ್ವೇನೇ?" ಅಂತ ಒದ್ದೆ ಟವೆಲ್‌ನಿಂದ ಉಜ್ಜಿದ್ದರು. ಚರ್ಮ ಕೆಂಪಾಯಿತು, ಉರಿಯಿತು. ಕಪ್ಪು ಹೋಗಲಿಲ್ಲ. ಅದು ಕೊಳೆಯೇ ಅಲ್ಲ. ರಕ್ತದಲ್ಲಿ ಇನ್ಸುಲಿನ್ ಜಾಸ್ತಿಯಾದಾಗ ಕತ್ತು, ಕಂಕುಳಿನ ಚರ್ಮ ಹಾಗೆ ದಪ್ಪಗಾಗಿ ಕಪ್ಪಾಗುತ್ತದೆ. ಅದೇ ಇನ್ಸುಲಿನ್ ಅಂಡಾಶಯವನ್ನು ಕೆಣಕಿ ಗಂಡು ಹಾರ್ಮೋನನ್ನೂ ಹೆಚ್ಚಿಸುತ್ತದೆ. ಕತ್ತಿನ ಕಪ್ಪಿಗೂ ಗದ್ದದ ಕೂದಲಿಗೂ ಬೇರು ಒಂದೇ ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷ ಆದಮೇಲೆ.

ನಾಲ್ಕು ತಿಂಗಳು ಮುಟ್ಟಾಗದೆ ಇದ್ದಾಗ ಡಾಕ್ಟರ್ ಹತ್ತಿರ ಹೋದೆವು. ಪಿಸಿಒಎಸ್ ಅಂದರು, ಅಂದರೆ ಅಂಡಾಶಯದ ಹಾರ್ಮೋನುಗಳು ಏರುಪೇರಾಗುವ ಕಾಯಿಲೆ. ಹೊರಗೆ ಬಂದ ಕೂಡಲೇ ಅಮ್ಮ ಹೇಳಿದ ಮೊದಲ ಮಾತು, "ಯಾರಿಗೂ ಹೇಳ್ಬೇಡ." ಬರೆದುಕೊಟ್ಟಿದ್ದು ಗರ್ಭನಿರೋಧಕ ಮಾತ್ರೆ. ಮದುವೆಯಾಗದ ಹುಡುಗಿಯ ಟೇಬಲ್ ಮೇಲೆ ಅದು ಕಂಡರೆ ಯಾರು ಏನಂದುಕೊಂಡಾರು? ಅಮ್ಮ ಅದನ್ನು ಹಳೇ ಕನ್ನಡಕದ ಡಬ್ಬಿಯಲ್ಲಿ ಬಚ್ಚಿಟ್ಟರು. ತಿಂಗಳುಗಟ್ಟಲೆ ಮುಟ್ಟು ನಿಂತರೆ ಗರ್ಭಕೋಶದ ಒಳಪದರ ದಪ್ಪಗಾಗುತ್ತಾ ಹೋಗಿ ಮುಂದೆ ಅಪಾಯವಾಗಬಹುದು, ಮಾತ್ರೆ ಅದನ್ನು ತಡೆಯಲು ಅಂತ ಅಮ್ಮನಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಬೈಯುವುದಾದರೂ ಯಾರನ್ನು?

ಹೇಗೋ ಸುದ್ದಿ ಹೊರಗೆ ಹೋಯಿತು. ನೆಂಟರ ಬಾಯಲ್ಲಿ ಅದು "ಗರ್ಭಕೋಶದಲ್ಲಿ ಗಡ್ಡೆಯಂತೆ" ಆಯಿತು. ಗಡ್ಡೆಯೂ ಇಲ್ಲ, ಗರ್ಭಕೋಶದಲ್ಲೂ ಇಲ್ಲ. ಅಂಡಾಶಯದಲ್ಲಿ ಪೂರ್ತಿ ಬಲಿಯದೆ ಅರ್ಧಕ್ಕೇ ನಿಂತ, ಅಂಡವಿರುವ ಪುಟ್ಟ ಚೀಲಗಳು ಅವು. ಕೆಲವರ ಸ್ಕ್ಯಾನಿನಲ್ಲಿ ಅವೂ ಕಾಣುವುದಿಲ್ಲ. "ತೂಕ ಇಳಿಸು, ಎಲ್ಲಾ ಸರಿಹೋಗುತ್ತೆ" ಅನ್ನುವವರಿಗೆ ನನ್ನ ಗೆಳತಿಯನ್ನು ತೋರಿಸಬೇಕು. ಕಡ್ಡಿಯಂತಿದ್ದಾಳೆ, ಅವಳಿಗೂ ಇದೆ. ಇಳಿಸಿದರೆ ಅನುಕೂಲ, ನಿಜ. ಆದರೆ ಇಳಿಯಲು ಬಿಡದಿರುವುದೂ ಇದೇ ಕಾಯಿಲೆ ಅಲ್ವಾ?

ಮದುವೆಯಾದ ಮೇಲೆ ಎಲ್ಲರದ್ದೂ ಒಂದೇ ಪ್ರಶ್ನೆ: "ಏನಮ್ಮಾ, ವಿಶೇಷ?" ಒಮ್ಮೆ 70 ದಿನದ ನಂತರ ಮುಟ್ಟಾಗಿತ್ತು. ನನ್ನ ಪಾಲಿಗೆ ಅದೇ ವಿಶೇಷ. ಹೇಳಲಿಲ್ಲ, ನಕ್ಕು ಸುಮ್ಮನಾದೆ. ನಿದ್ದೆ ಬರುತ್ತಾ, ಮನಸ್ಸು ಹೇಗಿದೆ ಅಂತ ಒಬ್ಬರೂ ಕೇಳಿದ್ದಿಲ್ಲ. ಈ ಕಾಯಿಲೆ ಜೊತೆ ಖಿನ್ನತೆ, ಆತಂಕವೂ ಜಾಸ್ತಿ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ ಹೆರುವ ವಯಸ್ಸಿನ ಹೆಂಗಸರಲ್ಲಿ ಶೇ 10ರಿಂದ 13 ಮಂದಿಗೆ ಇದು ಇದೆ. ನೆಂಟರ ಗುಂಪಿನಲ್ಲಿ ಕೂತಾಗ ಈಗ ನಾನು ಸುಮ್ನೆ ಕೈಗಳನ್ನು ನೋಡುತ್ತೇನೆ. ಕಳೆದ ತಿಂಗಳು ಅಕ್ಕನ ಮಗಳು ಗದ್ದಕ್ಕೆ ಕೈ ಕೊಟ್ಟು ಕೂತಿದ್ದಳು. ರೂಮಿಗೆ ಕರೆದು ಬಾಗಿಲು ಹಾಕಿದೆ. ಏನೂ ಹೇಳದೆ ಬ್ಯಾಗಿನಿಂದ ಪ್ಲಕ್ಕರ್ ತೆಗೆದೆ.

"ನನ್ನ ಹತ್ರಾನೂ ಇದೆ ಚಿಕ್ಕಮ್ಮ," ಅಂತ ಅವಳೂ ತನ್ನದನ್ನು ತೆಗೆದಳು. ನನ್ನದಕ್ಕಿಂತ ಚೂಪಾಗಿತ್ತು.